ಮರಳಿನಿಂದೆದ್ದ ಮೋಟಾರು

ಹೂತಿಟ್ಟದ್ದನ್ನು ಅಗೆದು ತೆಗೆಯಬಾರದೆಂಬುದು ನಮ್ಮ ಹಿರಿಯರ ಮಾತು. ಮನುಷ್ಯರ ವಿಷಯದಲ್ಲಿ ಇದು ಸರಿಯೇ. ಹೂತದ್ದು ಮೋಟಾರು ಕಾರಾದರೆ? ವೇಲ್ಸ್ ನಾಡಿನ ಪೆಂಡೈನ್ ಕಡಲತೀರದಲ್ಲಿ 42 ವರ್ಷ ಮರಳಿನಡಿ ಮಲಗಿದ್ದ ‘ಬ್ಯಾಬ್ಸ್’ ಎಂಬ ಕಾರಿನ ಕಥೆಯನ್ನು ನೆನೆದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಈ ಕಾರನ್ನು ಮೊದಲು ಕಟ್ಟಿಸಿದವನು ಕೌಂಟ್ ಲೂಯಿ ಜ್ಬೊರೊವ್‌ಸ್ಕಿ ಎಂಬ ಸಿರಿವಂತ. ಅದರ ಒಡಲಲ್ಲಿದ್ದುದು ವಿಮಾನದ ಎಂಜಿನು. ಮೊದಲನೆಯ ಮಹಾಯುದ್ಧಕ್ಕಾಗಿ 1917ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಲಿಬರ್ಟಿ’ ಅದು; 12 ಸಿಲಿಂಡರು, 27 ಲೀಟರು, 400 ಅಶ್ವಶಕ್ತಿಗೂ ಮಿಕ್ಕ ಬಲ. 1924ರಲ್ಲಿ ಕೌಂಟ್ ಇಟಲಿಯ ಮೊಂಜಾದ ಪಂದ್ಯದಲ್ಲಿ ಮಡಿದ ಮೇಲೆ ಈ ದೈತ್ಯವನ್ನು 125 ಪೌಂಡಿಗೆ ಕೊಂಡವನು ಜೆ. ಜಿ. ಪ್ಯಾರಿ-ಥಾಮಸ್. ಬಸ್ಸುಗಳ ಮೂಲಕ ನಮಗೂ ಪರಿಚಿತವಾದ ಲೇಲೆಂಡ್ ಕಂಪೆನಿಯಲ್ಲಿ ಅವನು ಮುಖ್ಯ ಎಂಜಿನಿಯರಾಗಿದ್ದವನು. ಕಾರನ್ನು ತಿದ್ದಿ ತೀಡಿ, 1926ರ ಏಪ್ರಿಲಿನಲ್ಲಿ ಪೆಂಡೈನಿನ ಮರಳಿನ ಮೇಲೆ ಗಂಟೆಗೆ 171 ಮೈಲಿ ಓಡಿಸಿ ವಿಶ್ವದಾಖಲೆ ಸ್ಥಾಪಿಸಿದ.

ಮರುವರ್ಷದ ಫೆಬ್ರವರಿಯಲ್ಲಿ ಮಾಲ್ಕಮ್ ಕ್ಯಾಂಬೆಲ್ ಅದೇ ತೀರದಲ್ಲಿ ಆ ದಾಖಲೆಯನ್ನು ಮುರಿದ. ಅದನ್ನು ಮರಳಿ ಗೆಲ್ಲಲು 1927ರ ಮಾರ್ಚ್ 3ರಂದು ಹೊರಟ ಥಾಮಸ್ ಹಿಂದಿರುಗಲಿಲ್ಲ. ಕಾರು ಉರುಳಿತು, ಅವನು ಸ್ಥಳದಲ್ಲೇ ಸತ್ತ. ಅವನಿಗೆ ಇಂಗ್ಲೆಂಡಿನ ಬೈಫ್ಲೀಟಿನಲ್ಲಿ ಸಮಾಧಿಯಾಯಿತು. ಕಾರಿಗೆ ಪೆಂಡೈನಿನ ಮರಳದಿಬ್ಬದಲ್ಲಿ.

1969ರಲ್ಲಿ ಓವೆನ್ ವಿನ್ ಓವೆನ್ ಎಂಬ ತಾಂತ್ರಿಕ ಕಾಲೇಜಿನ ಅಧ್ಯಾಪಕ ಅದನ್ನು ಮೇಲಕ್ಕೆತ್ತಿಸಿದ. ಆ ಜಾಗ ಅಷ್ಟರಲ್ಲಿ ಸೇನೆಯ ವಶದಲ್ಲಿತ್ತು. ಅವರ ಅನುಮತಿ ಬೇಕಾಯಿತು, ಥಾಮಸನ ಬಂಧುಗಳ ಒಪ್ಪಿಗೆಯೂ ಬೇಕಾಯಿತು. ಆಕ್ಷೇಪಗಳೂ ಬಾರದಿರಲಿಲ್ಲ.

ಬಹುಕಾಲ ನಿಂತ ಎಂಜಿನನ್ನು ಎಬ್ಬಿಸುವುದು ತಾಳ್ಮೆಯ ವಿದ್ಯೆ. ಪಿಸ್ಟನ್ನು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ. ಬಲಪ್ರಯೋಗ ಮಾಡಿದರೆ ಏನಾದರೊಂದು ಮುರಿಯುತ್ತದೆ. ಎಣ್ಣೆ ಹನಿಸಬೇಕು, ದಿನಗಟ್ಟಲೆ ಕಾಯಬೇಕು, ಕೂದಲೆಳೆಯಷ್ಟು ಅಲುಗಿಸಿ ಮತ್ತೆ ಕಾಯಬೇಕು. ಸಾಮಾನ್ಯ ಕಾರಿನ ಮಾತು ಇದು. ಸಮುದ್ರದ ಉಪ್ಪು ತಿಂದ ಬ್ಯಾಬ್ಸ್‌ಗೆ ಇಷ್ಟೇ ಸಾಲುವಂತಿರಲಿಲ್ಲ. ಉಳಿಯಬಲ್ಲುದನ್ನು ಉಳಿಸಿ, ಕೆಟ್ಟುಹೋದುದನ್ನು ಹೊಸದಾಗಿ ಮಾಡಬೇಕಾಯಿತು. ವರ್ಷಗಳ ದುಡಿಮೆಯ ಬಳಿಕ ಆ 12 ಸಿಲಿಂಡರುಗಳು ಮತ್ತೆ ಗರ್ಜಿಸಿದವು.

ಇದರಿಂದ ಬಂದ ಲಾಭವೇನು ಎಂದು ಕೇಳುವವರುಂಟು. ಚಕ್ರಕ್ಕೆ ಬಲ ಒಯ್ಯುವ ಸರಪಳಿ ಕಡಿದು ಥಾಮಸನಿಗೆ ಬಡಿಯಿತೆಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. ಮೊದಲು ಕೈಕೊಟ್ಟದ್ದು ಹಿಂದಿನ ಚಕ್ರವಿರಬೇಕೆಂಬ ವಾದ ಆಮೇಲೆ ಹುಟ್ಟಿತು. ತೀರ್ಪು ಯಾವುದೇ ಇರಲಿ, ಸಾಕ್ಷಿ ಮರಳಿನಡಿಯಲ್ಲೇ ಉಳಿದಿದ್ದರೆ ವಿಚಾರಣೆಗೆ ಆಸ್ಪದವೇ ಇರುತ್ತಿರಲಿಲ್ಲ.

ಕಾರನ್ನು ಹೂತವರದೂ ಪ್ರೀತಿಯೇ. ಗೆಳೆಯನನ್ನು ಕೊಂದ ಯಂತ್ರವನ್ನು ಕಣ್ಣಿಂದ ಮರೆಮಾಡುವ ದುಃಖದ ಪ್ರೀತಿ. ಅವರನ್ನು ನಾನು ದೂರಲಾರೆ. ಆದರೆ ಥಾಮಸ್ ಎಂಜಿನಿಯರು. ತನ್ನ ಕೈಕೆಲಸ ಮಣ್ಣಿನಲ್ಲಿ ಕರಗುವುದನ್ನು ಯಾವ ಎಂಜಿನಿಯರು ತಾನೆ ಬಯಸಿಯಾನು? ದುಃಖ ಆರಿದ ಮೇಲೆ ಯಂತ್ರಕ್ಕೆ ಒಮ್ಮೆ ಕ್ಷಮೆ ಸಿಗಬೇಕು. ಪೆಂಡೈನಿನಲ್ಲಿ ಆದುದು ಸಮಾಧಿಯ ಭಂಗವಲ್ಲ, ಆ ಕ್ಷಮೆ ಎಂದೇ ನನ್ನ ಭಾವನೆ.