ರೇಂಜರ್ ಶಾಲೆ
ಹಸಿವು, ನಿದ್ದೆಗೇಡು, ದಣಿವುಗಳ ನಡುವೆಯೂ ಮನಃಸ್ಥೈರ್ಯ ಕಳೆದುಕೊಳ್ಳದೆ ತುಕಡಿಯನ್ನು ಮುನ್ನಡೆಸಲು ಕಲಿಸುವ ಅಮೆರಿಕ ಭೂಸೇನೆಯ ತರಬೇತಿ ಶಾಲೆ. ಕೊರಿಯಾ ಯುದ್ಧಕಾಲದಲ್ಲಿ, 1950ರಲ್ಲಿ, ಜಾರ್ಜಿಯಾ ರಾಜ್ಯದ ಫೋರ್ಟ್ ಬೆನಿಂಗ್‌ನಲ್ಲಿ ಆರಂಭವಾಯಿತು. ಅವಧಿ ಸುಮಾರು ಎರಡು ತಿಂಗಳು. ಬೆನಿಂಗ್, ಡಾಲೊನೆಗಾ ಬಳಿಯ ಬೆಟ್ಟಗಾಡು, ಫ್ಲಾರಿಡಾದ ಜೌಗುನೆಲ ಎಂದು ಮೂರು ಹಂತ. ಗಸ್ತಿನ ದಿನಗಳಲ್ಲಿ ನಿದ್ದೆ ಕೆಲವೇ ಗಂಟೆ, ಊಟ ಒಂದೆರಡು ಪೊಟ್ಟಣ. ಭಾರದ ಚೀಲ ಹೊತ್ತವರು ನಡೆಯುತ್ತಲೇ ತೂಕಡಿಸುತ್ತಾರೆ, ಇಲ್ಲದ್ದನ್ನು ಕಂಡಂತೆ ಭ್ರಮಿಸುವುದೂ ಉಂಟು. ಆ ಸ್ಥಿತಿಯಲ್ಲೂ ನಕ್ಷೆ ಓದಿ, ಸ್ಪಷ್ಟ ಆಜ್ಞೆ ಕೊಡಬಲ್ಲವರಿಗಷ್ಟೇ ತೇರ್ಗಡೆ. ಸಹಪಾಠಿಗಳ ಅಭಿಪ್ರಾಯವೂ ಗಣನೆಗೆ ಬರುತ್ತದೆ. ದೇಹ ತೆರುವ ಬೆಲೆ ಸಣ್ಣದಲ್ಲ: 1990ರ ದಶಕದ ಆರಂಭದ ಸೇನಾ ಅಧ್ಯಯನದಲ್ಲಿ ತೂಕ ಸರಾಸರಿ ಶೇ. 15ರಷ್ಟು ಇಳಿದಿತ್ತು, ರೋಗನಿರೋಧಕ ಶಕ್ತಿ ಕುಗ್ಗಿತ್ತು. ಬಳಿಕ ಆಹಾರ ಹೆಚ್ಚಿಸಲಾಯಿತು. ಮಹಿಳೆಯರು ಮೊದಲು ತೇರ್ಗಡೆಯಾದದ್ದು 2015ರಲ್ಲಿ.