ಫರೀದಾಬಾದಿನ ಎನ್‌ಐಟಿ: ನಿರಾಶ್ರಿತರ ಮನೆಗಳ ಮೇಲೆ ಅಲಂಕೃತ ಮಹಡಿಗಳು

ದೆಹಲಿಯ ದಕ್ಷಿಣಕ್ಕಿರುವ ಫರೀದಾಬಾದ್ ನಗರದ ಹಳೆಯ ಯೋಜಿತ ಬಡಾವಣೆಯೇ ಎನ್‌ಐಟಿ, ಅಂದರೆ ನ್ಯೂ ಇಂಡಸ್ಟ್ರಿಯಲ್ ಟೌನ್‌ಶಿಪ್. ದೇಶ ವಿಭಜನೆಯ ತರುವಾಯ ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರಿಗಾಗಿ 1949ರಲ್ಲಿ ಇದರ ನಿರ್ಮಾಣ ಆರಂಭವಾಯಿತು.

ಕನ್ನಡ ನಾಡಿನ ನಂಟು

ಈ ಊರಿನ ಹುಟ್ಟಿನಲ್ಲಿ ಕನ್ನಡಿಗರಾದ ನಾವು ನೆನೆಯಬೇಕಾದ ಇಬ್ಬರಿದ್ದಾರೆ. ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಇಂಡಿಯನ್ ಕೋಆಪರೇಟಿವ್ ಯೂನಿಯನ್ ಮೂಲಕ ನಿರಾಶ್ರಿತರನ್ನು ಸಹಕಾರ ತತ್ತ್ವದಡಿ ಸಂಘಟಿಸಿದರು. ತಮ್ಮ ಮನೆಗಳನ್ನು ಆ ಜನ ತಾವೇ ದುಡಿದು ಕಟ್ಟಿಕೊಂಡರು. ಎರಡನೆಯವರು ಬರ್ಲಿನ್ ಮೂಲದ ಆಟೋ ಕೋನಿಗ್ಸ್‌ಬರ್ಗರ್. 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳನ್ನು ರೂಪಿಸಿದ ಅವರು, ಸ್ವಾತಂತ್ರ್ಯಾನಂತರ ಕೇಂದ್ರದ ವಸತಿ ನಿರ್ದೇಶಕರಾಗಿ ಫರೀದಾಬಾದಿನ ಯೋಜನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ಬಿಸಿಲು, ಗಾಳಿಗಳನ್ನು ಅರಿತು ಕಟ್ಟಬೇಕೆಂಬುದು ಅವರ ಮೂಲತತ್ತ್ವ.

ಇಂದಿನ ರೂಪ

ಮೆಟ್ರೋ ರೈಲು 2015ರಲ್ಲಿ ಫರೀದಾಬಾದಿಗೆ ಬಂದಿತು. ಒಂದೇ ಅಂತಸ್ತಿನ ಹಳೆಯ ಮನೆಗಳಿದ್ದ ನಿವೇಶನಗಳಲ್ಲಿ ಈಗ ‘ಬಿಲ್ಡರ್ ಫ್ಲೋರ್’ಗಳು ಎದ್ದಿವೆ: ನೆಲಮಟ್ಟದಲ್ಲಿ ಕಾರುಗಳಿಗೆ ಸ್ಥಳ, ಮೇಲೆ ಮಹಡಿಗೊಂದು ಸಂಸಾರ. ಮುಖಭಾಗದಲ್ಲಿ ರೋಮನ್ ಕಂಬ, ಕಮಾನು, ಬಣ್ಣದ ಗಾಜು. ಸರಳ ಆಧುನಿಕ ಶೈಲಿಗೆ ಪ್ರತಿಯಾಗಿ ರಾಬರ್ಟ್ ವೆಂಚುರಿ 1966ರ ತಮ್ಮ ಗ್ರಂಥದಲ್ಲಿ ಎತ್ತಿಹಿಡಿದ ಆಧುನಿಕೋತ್ತರ ದೃಷ್ಟಿಯು ಇತಿಹಾಸದ ಅಲಂಕಾರಕ್ಕೆ ಮತ್ತೆ ಬಾಗಿಲು ತೆರೆಯಿತು. ಉತ್ತರ ಭಾರತದಲ್ಲಿ ಅಂಥದೇ ಅಲಂಕಾರಪ್ರೀತಿ ತಾಳಿದ ರೂಪವನ್ನು ವಾಸ್ತುಶಿಲ್ಪಿ ಗೌತಮ್ ಭಾಟಿಯಾ ‘ಪಂಜಾಬಿ ಬರೋಕ್’ ಎಂದು ಕರೆದರು.

ಅಲಂಕಾರ ತಪ್ಪಲ್ಲ, ಮನೆಯ ಮುಂದೆ ರಂಗೋಲಿ ಇಡುವವರು ನಾವೂ ಹೌದು. ಆದರೆ ಈ ಕಂಬಗಳು ನೆನಪಿಸುವ ಗತಕಾಲ ಈ ನೆಲದ್ದಲ್ಲ. ಊರಿನ ನಿಜವಾದ ಗತಕಾಲವೆಂದರೆ ನಿರಾಶ್ರಿತರು ಕಟ್ಟಿದ ಆ ಸಣ್ಣ ಮನೆಗಳೇ. ಅವೇ ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಮಹಡಿಗಳು ಏರಿದಂತೆ ನೆರೆಮನೆಯ ಬೆಳಕು ತಗ್ಗುತ್ತದೆ. ಚರಂಡಿ, ನೀರಿನ ಮೇಲೆ ಹೊರೆ ಹೆಚ್ಚುತ್ತದೆ. ಇಂಥ ದೂರುಗಳಿಂದಲೇ ಹರಿಯಾಣ ಸರ್ಕಾರ 2023ರ ಫೆಬ್ರವರಿಯಲ್ಲಿ ನಾಲ್ಕು ಮಹಡಿಗಳ ಅನುಮತಿಯನ್ನು ತಡೆಹಿಡಿದು, 2024ರ ಜುಲೈನಲ್ಲಿ ಷರತ್ತುಗಳೊಡನೆ ಪುನಃ ನೀಡಿತು.

ಇಲ್ಲಿ ಮನೆ ಕೊಳ್ಳಬಯಸುವ ಕನ್ನಡ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಕಂಬಗಳನ್ನು ನೋಡುವ ಮುನ್ನ ಕಿಟಕಿಗಳನ್ನು ನೋಡಿರಿ. ಮೇ ತಿಂಗಳ ಬಿಸಿಲು ಯಾವ ಗೋಡೆಗೆ ತಾಗುತ್ತದೆ, ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ ಎಂದು ವಿಚಾರಿಸಿರಿ. ಮೈಸೂರು ಸಂಸ್ಥಾನದಲ್ಲಿ ದುಡಿದ ಆ ವಾಸ್ತುಶಿಲ್ಪಿ ಮೊದಲು ಕೇಳುತ್ತಿದ್ದ ಪ್ರಶ್ನೆಗಳೂ ಇಂಥವೇ.