ಬಲ್ಗೇರಿಯಾದ ಸಾವು, ಬ್ರಿಟನ್ನಿನ ಓಟು, ಮೈಸೂರಿನ ಬರ

ಇವತ್ತು ಒಂದು ಹಳೇ ಜಗಳದ ಕಥೆ.

ಬೇರೆ ಯಾವುದೋ ದೇಶದಲ್ಲಿ ಸರ್ಕಾರ ತನ್ನ ಜನರನ್ನೇ ಕೊಲ್ಲತ್ತೆ. ಇಲ್ಲಿ ನಮ್ಮ ಫ್ಯಾಮಿಲಿ ಗ್ರೂಪಲ್ಲಿ, "ಈಗ ಮಾತಾಡ್ತೀಯಲ್ಲ, ಆವತ್ತು ಯಾಕೆ ಸುಮ್ಮನಿದ್ದೆ?" ಅಂತ ಶುರುವಾಗತ್ತೆ. ಚುನಾವಣೆ ಹತ್ತಿರ ಇದ್ದರಂತೂ ಕೇಳೋದೇ ಬೇಡ. ಇದು ವಾಟ್ಸಾಪ್ ಕಾಲದ ಕಾಯಿಲೆ ಅಂತಲೇ ನಾನು ಅಂದುಕೊಂಡಿದ್ದೆ. ಅಲ್ಲ. 1880ರಲ್ಲಿ ಬ್ರಿಟನ್ನಿನ ಒಂದಿಡೀ ಚುನಾವಣೆ ಇದೇ ಧಾಟಿಯಲ್ಲಿ ನಡೆದಿತ್ತು. ಆ ಕಥೆಯ ಒಂದು ಎಳೆ ನಮ್ಮ ಮೈಸೂರಿಗೂ ಬರತ್ತೆ.

ಮೊದಲು ಬಲ್ಗೇರಿಯಾಕ್ಕೆ ಹೋಗೋಣ. ಆಗ ಅದು ಒಟ್ಟೋಮನ್, ಅಂದರೆ ಟರ್ಕಿ ಸಾಮ್ರಾಜ್ಯದ ಭಾಗ. 1876ರಲ್ಲಿ ಅಲ್ಲಿನ ಜನ ದಂಗೆ ಎದ್ದರು. ಅದನ್ನು ಅಡಗಿಸೋಕೆ ಸರ್ಕಾರ ಬಾಶಿ ಬಜೂಕ್ ಅನ್ನೋ ಪಡೆಗಳನ್ನೂ ಬಿಟ್ಟಿತು. ಇವರಿಗೆ ಕಾಯಂ ಸಂಬಳ ಇಲ್ಲ, ಲೂಟಿಯೇ ಕೂಲಿ. ಬಾಟಕ್ ಅನ್ನೋ ಊರಲ್ಲಿ ಚರ್ಚಿನೊಳಗೆ ಅಡಗಿದ್ದ ಹೆಂಗಸರು, ಮಕ್ಕಳನ್ನೂ ಬಿಡಲಿಲ್ಲ.

ಜೂನ್‌ನಲ್ಲಿ ಲಂಡನ್ನಿನ ಡೈಲಿ ನ್ಯೂಸ್ ಸುದ್ದಿ ಹಾಕಿತು. ಅದು ಲಿಬರಲ್ ಪಕ್ಷದ ಕಡೆ ವಾಲಿದ್ದ ಪತ್ರಿಕೆ. ಕನ್ಸರ್ವೇಟಿವ್ ಪ್ರಧಾನಿ ಬೆಂಜಮಿನ್ ಡಿಸ್ರೇಲಿ ಪಾರ್ಲಿಮೆಂಟಿನಲ್ಲಿ ಇದನ್ನೆಲ್ಲ ಕಾಫಿ ಅಂಗಡಿಯ ಹರಟೆ ಅನ್ನೋ ಹಾಗೆ ತಳ್ಳಿಹಾಕಿದರು. ಆದರೆ ಆಗಸ್ಟ್‌ನಲ್ಲಿ ಮ್ಯಾಕ್‌ಗಹನ್ ಅನ್ನೋ ಅಮೆರಿಕದ ವರದಿಗಾರ ಬಾಟಕ್‌ಗೇ ಹೋಗಿ, ಕಂಡದ್ದನ್ನು ಬರೆದ. ಆಮೇಲೆ ಬ್ರಿಟಿಷ್ ರಾಯಭಾರ ಕಚೇರಿಯ ಅಧಿಕಾರಿ ವಾಲ್ಟರ್ ಬೇರಿಂಗ್ ಕೊಟ್ಟ ಅಂದಾಜೇ ಸುಮಾರು 12,000 ಸಾವು. ಹರಟೆ ಅಂದಿದ್ದು ನಿಜ ಆಗಿತ್ತು.

ಡಿಸ್ರೇಲಿಗೆ ಕರುಣೆ ಇರಲಿಲ್ಲ ಅಂತ ಮುಗಿಸಿಬಿಡಬಹುದು. ಆದರೆ ಅವರದ್ದೂ ಒಂದು ಲೆಕ್ಕ ಇತ್ತು. ರಷ್ಯಾ ದಕ್ಷಿಣಕ್ಕೆ ಬರದ ಹಾಗೆ ತಡೆಯೋ ಗೋಡೆ ಟರ್ಕಿ. ಆ ಗೋಡೆ ಬಿದ್ದರೆ ಭಾರತಕ್ಕೆ ಬರೋ ದಾರಿಗೇ ಅಪಾಯ. ಹಿಂದಿನ ವರ್ಷ, 1875ರಲ್ಲಿ, 40 ಲಕ್ಷ ಪೌಂಡ್ ಸಾಲ ಎತ್ತಿ ಸೂಯೆಜ್ ಕಾಲುವೆಯ ಷೇರು ಕೊಂಡಿದ್ದೂ ಅವರೇ. ಅಂದರೆ ಬಲ್ಗೇರಿಯಾದ ಸಾವನ್ನು ನೋಡಿಯೂ ನೋಡದ ಹಾಗೆ ಇದ್ದದ್ದಕ್ಕೆ ಒಂದು ಕಾರಣ, ನಮ್ಮ ದೇಶವನ್ನು ಕೈಬಿಡಬಾರದು ಅನ್ನೋದು.

ಈಗ ವಿಲಿಯಂ ಗ್ಲಾಡ್‌ಸ್ಟನ್ ಬರ್ತಾರೆ. ಮಾಜಿ ಪ್ರಧಾನಿ, ಲಿಬರಲ್ ಪಕ್ಷದ ನಾಯಕತ್ವ ಬಿಟ್ಟು ಮನೆಯಲ್ಲಿದ್ದವರು. 1876ರ ಸೆಪ್ಟೆಂಬರ್‌ನಲ್ಲಿ ಬಲ್ಗೇರಿಯಾದ ಬಗ್ಗೆ ಒಂದು ಕಿರುಪುಸ್ತಕ ಬರೆದರು. ಆ ತಿಂಗಳಲ್ಲೇ ಸುಮಾರು 2 ಲಕ್ಷ ಪ್ರತಿ ಖರ್ಚಾಯ್ತು. ಇವತ್ತಿನ ಮಾತಲ್ಲಿ ಹೇಳೋದಾದ್ರೆ, ವೈರಲ್.

ಅಲ್ಲಿಂದ ದೇಶ ಎರಡು ಪಾಲಾಯ್ತು. ಟರ್ಕಿಯನ್ನು ಬೈದವರು ರಷ್ಯಾದ ಏಜೆಂಟರು, ಸುಮ್ಮನಿದ್ದವರು ಕೊಲೆಗಡುಕರು! 1878ರಲ್ಲಿ ಯುದ್ಧೋತ್ಸಾಹಿ ಗುಂಪೊಂದು ಗ್ಲಾಡ್‌ಸ್ಟನ್ ಮನೆಯ ಕಿಟಕಿ ಗಾಜು ಒಡೆಯಿತು. ಈ ಕಡೆಯವರೂ ಸಾಚಾಗಳಲ್ಲ. ಡಿಸ್ರೇಲಿ ಯೆಹೂದಿ ಮೂಲದವರು ಅನ್ನೋದನ್ನೇ ಹಿಡಿದು ಹೀಯಾಳಿಸಿದವರಿದ್ದರು. ಗ್ಲಾಡ್‌ಸ್ಟನ್ ತಮ್ಮ ಪುಸ್ತಕದಲ್ಲಿ ಟರ್ಕಿಯ ಸರ್ಕಾರವನ್ನಷ್ಟೇ ಅಲ್ಲ, ಟರ್ಕರ ಇಡೀ ಜನಾಂಗವನ್ನೇ ಹಳಿದರು. 1877ರಲ್ಲಿ ರಷ್ಯಾ ಯುದ್ಧಕ್ಕೆ ಬಂದು, ಬಲ್ಗೇರಿಯಾದ ಮುಸ್ಲಿಮರು ಲಕ್ಷಗಟ್ಟಲೆ ಊರು ಬಿಟ್ಟು ಓಡಿದಾಗ ಲಿಬರಲ್ ವೇದಿಕೆಗಳಲ್ಲಿ ಅದೇ ಕೂಗು ಕೇಳಲಿಲ್ಲ.

1879ರ ಚಳಿಗಾಲದಲ್ಲಿ 69 ವರ್ಷದ ಗ್ಲಾಡ್‌ಸ್ಟನ್ ಸ್ಕಾಟ್ಲೆಂಡಿನ ಮಿಡ್‌ಲೋಥಿಯನ್‌ಗೆ ರೈಲು ಹತ್ತಿದರು. ಆ ಕ್ಷೇತ್ರದ ಮತದಾರರು ಬರೀ 3,000 ಚಿಲ್ಲರೆ. ಭಾಷಣ ಕೇಳೋಕೆ ಬಂದವರು ಸಾವಿರಾರು. ಟೆಲಿಗ್ರಾಫ್ ಇತ್ತಲ್ಲ, ಮರುದಿನ ಇಡೀ ದೇಶದ ಪತ್ರಿಕೆಗಳಲ್ಲಿ ಅದೇ ಮಾತು. ಅಫ್ಘಾನಿಸ್ತಾನದ ಬೆಟ್ಟದೂರಿನ ಜೀವವೂ ದೇವರ ಕಣ್ಣಲ್ಲಿ ನಿಮ್ಮ ಜೀವದಷ್ಟೇ ಪವಿತ್ರ ಅಂತ ಹೇಳಿದರು. 1880ರ ಚುನಾವಣೆಯಲ್ಲಿ ಲಿಬರಲ್ಲರಿಗೆ ಸುಮಾರು 350 ಸೀಟು, ಕನ್ಸರ್ವೇಟಿವ್‌ಗೆ ಸುಮಾರು 240. ಬಲ್ಗೇರಿಯಾ ಒಂದೇ ಕಾರಣ ಅಲ್ಲ. ವ್ಯಾಪಾರ ಬಿದ್ದಿತ್ತು, ಬೆಳೆ ಕೈಕೊಟ್ಟಿತ್ತು.

ಈಗ ನಮ್ಮೂರಿಗೆ ಬರೋಣ. ಲಂಡನ್ನಿನಲ್ಲಿ ಬಲ್ಗೇರಿಯಾದ ಜಗಳ ಕಾವೇರಿದ್ದ ಹೊತ್ತಿಗೇ, 1876ರಿಂದ 78ರವರೆಗೆ, ಮೈಸೂರು, ಮದರಾಸು ಸೀಮೆಗಳಲ್ಲಿ ಭೀಕರ ಬರ. ಧಾತು, ಈಶ್ವರ ಸಂವತ್ಸರಗಳ ಬರ. ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದೊಡ್ಡ ದರ್ಬಾರು ನಡೆಸಿದ. ಅದೇ ಕಾಲದಲ್ಲಿ ಮದರಾಸಿನ ಪರಿಹಾರ ಕಾಮಗಾರಿಗಳಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕೆಜಿಗೂ ಕಮ್ಮಿ ಧಾನ್ಯದ ಲೆಕ್ಕಕ್ಕೆ ಇಳಿಸಿದರು.

ನಾನು ಓದಿದ್ದು ಬಿ.ಕಾಂ, ಎರಡು ಕಾಲಂ ಕಂಡರೆ ಕಳೀತೀನಿ. ಮೈಸೂರಿನ ಜನಸಂಖ್ಯೆ 1871ರಲ್ಲಿ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹೆಚ್ಚಬೇಕಾಗಿದ್ದ ಸಂಖ್ಯೆಯಲ್ಲಿ 8 ಲಕ್ಷ 69 ಸಾವಿರ ಕಮ್ಮಿ.

ಬ್ರಿಟನ್ನಿನ ಜನ ಇದನ್ನು ಕೇಳಲೇ ಇಲ್ಲ ಅಂದರೆ ತಪ್ಪಾಗತ್ತೆ. ಚಂದಾ ಎತ್ತಿ ಕಳಿಸಿದರು. ಭಾರತದ ತೆರಿಗೆ, ಅಫ್ಘಾನ್ ಯುದ್ಧದ ಖರ್ಚು, ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಿದ 1878ರ ಕಾಯ್ದೆ ಎಲ್ಲವೂ ಚರ್ಚೆಗೆ ಬಂದವು. ಆ ಕಾಯ್ದೆಯನ್ನು 1882ರಲ್ಲಿ ಲಿಬರಲ್ ಸರ್ಕಾರವೇ ತೆಗೆಯಿತು. ಆದರೆ ಬಾಟಕ್‌ನ ಸಾವು ಇಡೀ ದೇಶವನ್ನು ಬೀದಿಗೆ ತಂದ ಹಾಗೆ ಮೈಸೂರಿನ ಸಾವು ತರಲಿಲ್ಲ. ಅಲ್ಲಿ ತಪ್ಪು ಪರದೇಶದ ಸುಲ್ತಾನನದ್ದು. ಇಲ್ಲಿ ಕೇಳಬೇಕಾಗಿದ್ದು ತಮ್ಮ ಸಾಮ್ರಾಜ್ಯವನ್ನೇ, ಮತ್ತೆ ಸಾಮ್ರಾಜ್ಯ ಎರಡೂ ಪಕ್ಷದ್ದು.

ಹಾಗಾದ್ರೆ ಗ್ಲಾಡ್‌ಸ್ಟನ್ ಬರೀ ನಾಟಕ ಮಾಡಿದರಾ? ನನಗೆ ಹಾಗನ್ನಿಸಲ್ಲ. ಬಾಟಕ್‌ನ ಸಾವು ನಿಜ, ಅವರು ಕೂಗಿದ್ದರಿಂದಲೇ ಜಗತ್ತು ಕೇಳಿಸಿಕೊಂಡಿತು. "ಮೈಸೂರಿಗೆ ಯಾಕೆ ಕೂಗಲಿಲ್ಲ?" ಅನ್ನೋ ಪ್ರಶ್ನೆಯಿಂದ ಬಾಟಕ್‌ನ ಸಾವು ಸುಳ್ಳಾಗಲ್ಲ. ಪರೀಕ್ಷೆ ಬರೋದು ನಮ್ಮ ಕಡೆಯವರು ಗೆದ್ದ ಮೇಲೆ.

ಬಂದೂ ಬಿಟ್ಟಿತು. 1882ರ ಜುಲೈ 11ರಂದು ಗ್ಲಾಡ್‌ಸ್ಟನ್ ಸರ್ಕಾರದ ಯುದ್ಧನೌಕೆಗಳೇ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಮೇಲೆ ಗುಂಡಿನ ಮಳೆ ಸುರಿಸಿದವು. ಕೆಲವೇ ದಿನಗಳಲ್ಲಿ ಆ ಸಂಪುಟದ ಒಬ್ಬ ಮಂತ್ರಿ ರಾಜೀನಾಮೆ ಕೊಟ್ಟರು. ಹೆಸರು ಜಾನ್ ಬ್ರೈಟ್. ಅವರದ್ದೇ ಪಕ್ಷ, ಅವರದ್ದೇ ನಾಯಕ, ಆದರೂ ಹೊರಗೆ ಬಂದರು.

ಮುಂದಿನ ಸಲ ಗ್ರೂಪಲ್ಲಿ ಈ ಜಗಳ ಬಂದಾಗ ಎದುರಿನವರನ್ನು "ಆವತ್ತು ಎಲ್ಲಿದ್ದೆ?" ಅಂತ ಕೇಳೋ ಮೊದಲು, ಆ ಪ್ರಶ್ನೆಯನ್ನು ಒಂದು ಸಲ ನನಗೇ ಕೇಳಿಕೊಳ್ಳಬೇಕು ಅಂದುಕೊಂಡಿದ್ದೀನಿ. ನೀವೂ ಕೇಳಿಕೊಂಡು ನೋಡಿ.